‘ಪುಸ್ತಕದಲ್ಲಿ ಹೀಗಿಲ್ಲ’ ಅಂದ್ರೆ ವಿಮರ್ಶೆ ಆಯ್ತಾ?

ಕಾದಂಬರಿ ಆಧರಿಸಿದ ಸಿನಿಮಾ ಯಾವುದೇ ಬಂದ್ರೂ ಹಾಸ್ಟೆಲಿನಲ್ಲಿ ಎರಡು ಪಾರ್ಟಿ ಆಗುತ್ತೆ. ಒಂದು, ‘ಪುಸ್ತಕದಲ್ಲಿ ಹೀಗಿಲ್ಲ’ ಪಾರ್ಟಿ. ಇನ್ನೊಂದು, ‘ಸಿನಿಮಾ ಬೇರೆ, ಪುಸ್ತಕ ಬೇರೆ, ಸುಮ್ನೆ ನೋಡ್ರೋ’ ಪಾರ್ಟಿ. ಮೊದಲನೆಯವರು ಬಿಟ್ಟುಹೋದ ದೃಶ್ಯಗಳನ್ನ ಎಣಿಸ್ತಾ ಕೂರ್ತಾರೆ. ಎರಡನೆಯವರು ಎಣಿಕೆಯೇ ಬೇಡ ಅಂತಾರೆ. ಇಬ್ಬರೂ ಸಿನಿಮಾವನ್ನು ಅಳೆಯುತ್ತಿಲ್ಲ ಅನ್ನೋದು ನನ್ನ ವಾದ.

ನನಗೆ ಅಳತೆಗೋಲು ಸಿಕ್ಕಿದ್ದು ತಾಳಮದ್ದಳೆಯಲ್ಲಿ. ನಮ್ಮೂರು ಸೀತೂರು. ಮಲೆನಾಡಿನ ಮಳೆಗಾಲ ಅಂದ್ರೆ ಗೊತ್ತಲ್ಲ, ಹೊರಗೆ ಹೋಗೋ ಹಾಗಿಲ್ಲ, ಕೂತು ತಾಳಮದ್ದಳೆ ಕೇಳಬೇಕು. ‘ವಾಲಿವಧೆ’ ಪ್ರಸಂಗ ತಗೊಳ್ಳಿ. ಭಾಗವತರು ಹಾಡೋ ಪದ್ಯ ಮೊದಲೇ ಬರೆದಿಟ್ಟದ್ದು. ಆದರೆ ಅರ್ಥಧಾರಿಯ ಮಾತು ಆವತ್ತಿಗೆ ಅವರದ್ದೇ. ‘ಮರೆಯಲ್ಲಿ ನಿಂತು ಯಾಕೆ ಹೊಡೆದೆ?’ ಅಂತ ವಾಲಿ ರಾಮನನ್ನು ಹೇಗೆ ಬೇಕಾದರೂ ಕೇಳಬಹುದು, ಹತ್ತು ನಿಮಿಷವೋ ಒಂದು ಗಂಟೆಯೋ. ‘ಹೋದ ವರ್ಷ ಹೀಗೆ ಹೇಳಲಿಲ್ಲ’ ಅಂತ ಯಾರೂ ಜಗಳ ತೆಗೆಯಲ್ಲ. ಆದರೆ ಆ ಪ್ರಶ್ನೆಯನ್ನೇ ಕೇಳದೆ ವಾಲಿ ಸತ್ತುಬಿಟ್ರೆ ಅರ್ಥ ಕೆಟ್ಟಿತು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಮಾತು ಬದಲಾಗಬಹುದು, ಪ್ರಶ್ನೆ ಉಳೀಬೇಕು.

ಇದೇ ಕೋಲಿನಿಂದ ಜಪಾನಿನ ಸ್ಟುಡಿಯೋ ಘಿಬ್ಲಿಯ ಎರಡು ಅನಿಮೇಷನ್ ಸಿನಿಮಾ ಅಳೆದು ನೋಡೋಣ. ಎರಡಕ್ಕೂ ಮೂಲ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿಗಳು. ಎರಡೂ ಮೂಲವನ್ನು ಚೆನ್ನಾಗಿಯೇ ತಿರುಚಿವೆ.

ಮೊದಲನೆಯದು ‘ಹೌಲ್ಸ್ ಮೂವಿಂಗ್ ಕ್ಯಾಸಲ್’. ಡಯಾನಾ ವಿನ್ ಜೋನ್ಸ್ ಕಾದಂಬರಿ ಬಂದಿದ್ದು 1986ರಲ್ಲಿ, ಹಯಾವೊ ಮಿಯಾಝಾಕಿಯ ಸಿನಿಮಾ 2004ರಲ್ಲಿ. ಟೋಪಿ ಅಂಗಡಿಯ ಸೋಫಿ ಶಾಪದಿಂದ ಒಂದೇ ಸಲಕ್ಕೆ ಮುದುಕಿ ಆಗ್ತಾಳೆ. ಪುಸ್ತಕದಲ್ಲಿ ಹೌಲ್ ನಮ್ಮ ಪ್ರಪಂಚದ ವೇಲ್ಸಿನವನು. ಸಿನಿಮಾದಲ್ಲಿ ಆ ಭಾಗವೇ ಇಲ್ಲ. ಅದರ ಜಾಗಕ್ಕೆ ದೊಡ್ಡ ಯುದ್ಧ ಬಂದಿದೆ. ಹದಿನೈದರ ಶಿಷ್ಯ ಮೈಕಲ್ ಇಲ್ಲಿ ಪುಟ್ಟ ಹುಡುಗ. ಎಣಿಸೋ ಪಾರ್ಟಿಗೆ ಹಬ್ಬ!

ಆದರೆ ಪುಸ್ತಕದ ಪ್ರಶ್ನೆ ಏನು? ತಾನು ಯಾವುದಕ್ಕೂ ಆಗಲ್ಲ ಅಂತ ನಂಬಿಕೊಂಡ ಹುಡುಗಿಗೆ ಶಾಪ ಯಾರು ಹಾಕಿದ್ದು, ಮಾಟಗಾತಿಯೋ ಅವಳೇನೋ? ಸಿನಿಮಾ ಇದನ್ನು ಬಿಟ್ಟಿಲ್ಲ. ನಿದ್ದೆಯಲ್ಲಿ ಸೋಫಿಯ ಮುಖ ಚಿಕ್ಕದಾಗುತ್ತೆ, ಧೈರ್ಯವಾಗಿ ಮಾತಾಡುವಾಗ ಸುಕ್ಕು ಮಾಯ ಆಗುತ್ತೆ, ‘ನಾನು ಚಂದ ಇಲ್ಲ’ ಅನ್ನೋ ಯೋಚನೆ ಬಂದ ತಕ್ಷಣ ಮತ್ತೆ ಮುದುಕಿ. ಯಾರೂ ವಿವರಣೆ ಕೊಡಲ್ಲ, ಗೆರೆಯೇ ಹೇಳುತ್ತೆ. ಅನಿಮೇಷನ್ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಉತ್ತರ ಬೇಡ. ಜೋನ್ಸ್ ಅವರಿಗೂ ಸಿನಿಮಾ ಇಷ್ಟ ಆಗಿತ್ತು.

ಹಾಗಂತ ಪೂರ್ತಿ ಮಾರ್ಕ್ಸ್ ಕೊಡಲ್ಲ. ಪುಸ್ತಕದ ಸೋಫಿಗೆ ತನ್ನದೇ ಮಾಂತ್ರಿಕ ಶಕ್ತಿ ಇದೆ: ಅವಳು ಮಾತಾಡಿಸಿದ ವಸ್ತುಗಳಿಗೆ ಜೀವ ಬರುತ್ತೆ. ಸಿನಿಮಾ ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದೆ. ಅಷ್ಟು ದೊಡ್ಡ ಯುದ್ಧವೂ ಕೊನೆಗೆ ಸ್ವಿಚ್ ಆಫ್ ಮಾಡಿದ ಹಾಗೆ ನಿಂತುಹೋಗುತ್ತೆ. ಇದು ನಷ್ಟವೇ.

ಎರಡನೆಯದು 2006ರ ‘ಟೇಲ್ಸ್ ಫ್ರಮ್ ಅರ್ಥ್‌ಸೀ’. ಅರ್ಸುಲಾ ಲೆ ಗ್ವಿನ್ ಕಾದಂಬರಿಗಳು, ನಿರ್ದೇಶಕ ಮಿಯಾಝಾಕಿಯ ಮಗ ಗೋರೊ. ಶುರುವಿನಲ್ಲೇ ರಾಜಕುಮಾರ ಆರೆನ್ ಅಪ್ಪನನ್ನು ಚುಚ್ಚಿ ಕೊಲ್ತಾನೆ. ಪುಸ್ತಕದಲ್ಲಿ ಇದಿಲ್ಲ. ಇರಲಿ, ಬದಲಾಯಿಸಲಿ. ಆದರೆ ಯಾಕೆ ಕೊಂದ ಅನ್ನೋದಕ್ಕೆ ಸರಿಯಾದ ಉತ್ತರ ಕೊನೆಯವರೆಗೂ ಸಿಗಲ್ಲ. ಅರ್ಥ್‌ಸೀಯ ಮೊದಲ ಕಾದಂಬರಿಯಲ್ಲಿ ಗೆಡ್ ಓಡಿಸಿಕೊಂಡು ಹೋಗಿ ಎದುರಿಸೋದು ತನ್ನದೇ ನೆರಳನ್ನು. ಮೂರನೆಯದರಲ್ಲಿ ಸಾವು-ಬದುಕಿನ ನಡುವಿನ ಬಾಗಿಲು ಮುಚ್ಚೋಕೆ ತನ್ನ ಶಕ್ತಿಯನ್ನೆಲ್ಲ ಕಳ್ಕೊಳ್ತಾನೆ. ಅಂದ್ರೆ ಕೇಡನ್ನು ಸರಿಮಾಡೋಕೆ ನೀನೇ ಬೆಲೆ ಕೊಡಬೇಕು. ಸಿನಿಮಾದಲ್ಲಿ ಕೇಡೆಲ್ಲ ಕಾಬ್ ಅನ್ನೋ ವಿಲನ್ ತಲೆಗೆ. ಅವನು ಸತ್ತ, ಸಮಸ್ಯೆ ಮುಗೀತು. ಸಾವಿನ ಬಗ್ಗೆ ಪಾತ್ರಗಳು ಭಾಷಣ ಮಾಡ್ತಾವೆ ನಿಜ, ಆದರೆ ಕಥೆ ಆ ಪ್ರಶ್ನೆ ಕೇಳಲ್ಲ. ಲೆ ಗ್ವಿನ್ ಕೂಡ ಈ ವಿಲನ್ ವಿಷಯಕ್ಕೆ ಬೇಸರ ಮಾಡಿಕೊಂಡು ಬರೆದಿದ್ದರು.

ಎರಡೂ ಬದಲಾಯಿಸಿದವು. ಒಂದು ಗೆದ್ದಿತು, ಒಂದು ಬಿದ್ದಿತು. ಹಾಗಾದರೆ ‘ಬದಲಾಯಿಸಿದ್ದಾರೆ’ ಅನ್ನೋದು ದೂರೂ ಅಲ್ಲ, ಹೊಗಳಿಕೆಯೂ ಅಲ್ಲ. ಬದಲಾಯಿಸಿ ಏನು ಗಳಿಸಿದರು ಅಂತ ಕೇಳಬೇಕು.

ಇದು ನಮಗ್ಯಾಕೆ? ನಮ್ಮ ಗೋವಿನ ಹಾಡಿನ ಕಥೆ ಆಧರಿಸಿ 2020ರಲ್ಲಿ ‘ಪುಣ್ಯಕೋಟಿ’ ಅನ್ನೋ ಸಂಸ್ಕೃತ ಅನಿಮೇಷನ್ ಸಿನಿಮಾ ಬಂತು. ರವಿಶಂಕರ್ ನಿರ್ದೇಶನ, ಇಳಯರಾಜಾ ಸಂಗೀತ, ಜನರಿಂದಲೇ ದುಡ್ಡು ಕೂಡಿಸಿ ಮಾಡಿದ್ದು. ‘ನಮ್ಮ ಕಥೆ’ ಅಂತ ಹೆಮ್ಮೆಪಟ್ಟರೆ ಸಾಕಾ? ಹಸುವಿನ ಸತ್ಯ, ಹುಲಿಯ ನಾಚಿಕೆ ಎರಡೂ ಉಳಿದಿವೆಯಾ ಅಂತ ಕೂತು ಚರ್ಚೆ ಮಾಡೋದೇ ಅದಕ್ಕೆ ಕೊಡೋ ಮರ್ಯಾದೆ.

ನಾಳೆ ನಮ್ಮ ಕ್ಯಾಂಪಸ್ಸಿನಲ್ಲಿ ಬ್ಲೆಂಡರ್ ಕಲೀತಿರೋ ಯಾರೋ ಒಬ್ಬರು ತೇಜಸ್ವಿಯವರ ‘ಕರ್ವಾಲೊ’ ತೆಗೆದುಕೊಳ್ಳಬಹುದು. ಆಗ ಮಂದಣ್ಣನ ಅಂಗಿ ಬಣ್ಣ ತಪ್ಪಾಯ್ತು ಅಂತ ಕಾಮೆಂಟ್ ಹಾಕಿ ಅವರನ್ನ ಓಡಿಸಬೇಡಿ. ಕನ್ನಡದವರು ಅಂತ ಸುಮ್ನೆ ಚಪ್ಪಾಳೆಯನ್ನೂ ಹೊಡೀಬೇಡಿ. ಕೊನೆಯಲ್ಲಿ ಹಾರುವ ಓತಿ ಕಣಿವೆಗೆ ಜಿಗಿದು ಕೈ ತಪ್ಪಿ ಹೋಗುತ್ತಾ ನೋಡಿ. ಅದನ್ನು ಹಿಡಿದು ಗಾಜಿನ ಪೆಟ್ಟಿಗೆಗೆ ಹಾಕಿಬಿಟ್ಟಿದ್ದರೆ, ಗ್ರಾಫಿಕ್ಸ್ ಎಷ್ಟೇ ಚೆನ್ನಾಗಿರಲಿ, ಎದ್ದು ಜಗಳ ಮಾಡಿ. ನಾನೂ ಬರ್ತೀನಿ.