ಬಿಳಿಚೀಟಿಯ ಮೇಲೆ ಸಾಗುವ ಬೆಳೆ

ಹಾಸನದ ಜಿಲ್ಲಾಧಿಕಾರಿಗಳೂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವ ಮಾನ್ಯರಿಗೆ, ಅರಕಲಗೂಡು ಸೀಮೆಯ ಕೃಷಿಕನೊಬ್ಬನ ಅರಿಕೆ.

ಮಾನ್ಯರೆ,

ಮುಂಗಾರಿಗೆ ಮುನ್ನ ಜಲಂಧರದಿಂದ ಬಿತ್ತನೆ ಆಲೂಗೆಡ್ಡೆಯನ್ನು ಹೊತ್ತು ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಬರುವ ಲಾರಿಗಳಲ್ಲಿ, ಮಾಲು ಯಾರದು, ಮೂಟೆ ಎಷ್ಟು, ತಲುಪಬೇಕಾದುದು ಯಾರಿಗೆ ಎಂಬುದನ್ನೆಲ್ಲ ಸಾರುವ ಬಿಲ್ಟಿಯಿರುತ್ತದೆ. ಅದೇ ಬೀಜವನ್ನು ಬಿತ್ತಿ, ಅಂಗಮಾರಿಯಿಂದ ಉಳಿಸಿಕೊಂಡು, ನಾವು ಬೆಳೆದ ಗೆಡ್ಡೆ ಊರಿಂದ ಹೊರಡುವಾಗ ಮಾತ್ರ ಅದರ ಸಂಗಡ ಒಂದು ಬಿಳಿಚೀಟಿಯ ಹೊರತು ಮತ್ತೇನೂ ಇರುವುದಿಲ್ಲ.

ಹೋದ ವರ್ಷ ನಾನು ಟ್ರಾನ್ಸ್‌ಪೋರ್ಟ್ ಆಫೀಸೊಂದರ ಮೂಲಕ ಎಪ್ಪತ್ತು ಮೂಟೆ ಹಸಿಶುಂಠಿಯನ್ನು ಕಳುಹಿಸಿದೆನು. ಮಂಡಿಯಲ್ಲಿ ಇಳಿದುದು ಅರವತ್ತನಾಲ್ಕು. ಚಾಲಕನು ಹಮಾಲಿಗಳನ್ನು ತೋರಿದನು. ಆಫೀಸಿನವರು ಚಾಲಕನನ್ನು ತೋರಿದರು. ತೋರಿಸುವುದಕ್ಕೆ ನನ್ನಲ್ಲಿದ್ದುದೋ ತೂಕವಿಲ್ಲದ, ತಾರೀಖಿಲ್ಲದ, ಪೆನ್ಸಿಲಿನಲ್ಲಿ ಗೀಚಿದ ಒಂದು ಅಂಕೆ.

ಸರಕಾರಕ್ಕೆ ಕಾಗದದ ಮಹತ್ತ್ವ ತಿಳಿಯದೆಂದು ನಾನು ಹೇಳಲಾರೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್ ಬೇಕೆಂಬ ನಿಯಮವು 2018ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಹಸಿಶುಂಠಿಗೂ ಆಲೂಗೆಡ್ಡೆಗೂ ತೆರಿಗೆಯಿಲ್ಲವಾದುದರಿಂದ ಅವುಗಳಿಗೆ ಆ ಬಿಲ್ಲಿನ ಅಗತ್ಯವಿಲ್ಲ. ಈ ವಿನಾಯಿತಿಗೆ ನಾವು ಕೃತಜ್ಞರು. ಆದರೆ ಬೊಕ್ಕಸಕ್ಕೆ ಬೇಡವಾದ ಕಾಗದವು ಬೆಳೆದವನಿಗೂ ಬೇಡವೆಂದು ಸಾಗಣೆದಾರರು ಬಗೆದುಕೊಂಡಿರುವುದು ವಿಪರ್ಯಾಸವೇ ಸರಿ. ಇ-ವೇ ಬಿಲ್ಲು ತೆರಿಗೆಯ ಸಾಕ್ಷಿ. ಬಿಲ್ಟಿಯು ಒಡೆತನದ ಸಾಕ್ಷಿ.

1865ರ ಹಳೆಯ ಶಾಸನದ ಸ್ಥಾನದಲ್ಲಿ ಬಂದ 2007ರ ರಸ್ತೆ ಸರಕು ಸಾಗಣೆ ಕಾಯಿದೆಯು, ಸರಕನ್ನು ಒಪ್ಪಿಕೊಂಡ ಸಾಗಣೆದಾರನು ರಸೀದಿಯನ್ನು, ಎಂದರೆ ಬಿಲ್ಟಿಯನ್ನು, ಕೊಡತಕ್ಕದ್ದೆಂದೂ, ಅದರ ಮೂಲಪ್ರತಿಯು ಕಳುಹಿಸಿದವನ ಕೈಸೇರತಕ್ಕದ್ದೆಂದೂ, ತೂಕಕ್ಕೂ ಮೂಟೆಗಳ ಎಣಿಕೆಗೂ ಅದೇ ಮೇಲ್ನೋಟದ ಪ್ರಮಾಣವೆಂದೂ ವಿಧಿಸಿದೆ. ನಷ್ಟವಾದಲ್ಲಿ ಬುಕಿಂಗ್ ಮಾಡಿದ ದಿನದಿಂದ 180 ದಿನಗಳೊಳಗೆ ನೋಟೀಸು ಕೊಡಬೇಕು. ಹೆಚ್ಚಿನ ಜವಾಬ್ದಾರಿಗೆ ಬೇರೆ ದರ ತೆತ್ತಿಲ್ಲವಾದರೆ ಪರಿಹಾರವು ಬಾಡಿಗೆಯ ಹತ್ತು ಪಟ್ಟನ್ನು ಮೀರದು. ತಾರೀಖೇ ಇಲ್ಲದ ಚೀಟಿಯಿಂದ 180 ದಿನಗಳನ್ನು ಎಲ್ಲಿಂದ ಎಣಿಸುವುದು? ಬರೆಯದ ಬಾಡಿಗೆಯನ್ನು ಹತ್ತರಿಂದ ಗುಣಿಸಿದರೆ ಬರುವುದೆಷ್ಟು?

ಅದೇ ಕಾಯಿದೆಯ ಮೇರೆಗೆ ಸಾಗಣೆದಾರರನ್ನು ನೋಂದಾಯಿಸಿಕೊಳ್ಳುವ ಅಧಿಕಾರವು ತಾವು ಅಧ್ಯಕ್ಷರಾಗಿರುವ ಪ್ರಾಧಿಕಾರಕ್ಕೂ ಉಂಟಾದ್ದರಿಂದಲೇ ಈ ವಿಜ್ಞಾಪನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಹೊಸ ಶಾಸನವನ್ನು ನಾವು ಬೇಡುತ್ತಿಲ್ಲ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ರಸೀದಿ ಪುಸ್ತಕವಿದೆಯೇ, ಅದು ರೈತನಿಗೆ ಓದಬರುವ ಕನ್ನಡದಲ್ಲಿದೆಯೇ, ಹರಿದು ಕೊಡುತ್ತಿರುವರೇ ಎಂಬುದನ್ನು ಸುಗ್ಗಿಗೆ ಮುನ್ನ ಒಮ್ಮೆ ತನಿಖೆ ಮಾಡಿಸಿದರೆ ಸಾಕು. ಕಳೆದುಹೋದ ಆರು ಮೂಟೆಗಳ ಆಸೆಯನ್ನು ನಾನು ಬಿಟ್ಟಿದ್ದೇನೆ. ಈ ಸಾಲಿನ ಶುಂಠಿ ಇನ್ನೂ ಮಣ್ಣಿನಲ್ಲಿಯೇ ಇದೆ.

ಇತಿ ತಮ್ಮ ವಿಶ್ವಾಸಿ,
ಅರಕಲಗೂಡು ತಾಲ್ಲೂಕಿನ ಒಬ್ಬ ಬೆಳೆಗಾರ