ಅಮ್ಮನ ಬಳೆ ಅಡವಿಡುವ ಮುನ್ನ

ಕಳೆದ ತಿಂಗಳು ಒಂದು ಭಾನುವಾರ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿದ್ದೆ. ವಿಎಲ್‌ಎಸ್‌ಐ ತರಬೇತಿ ಸಂಸ್ಥೆಯೊಂದರಲ್ಲಿ ಉಚಿತ ಡೆಮೊ ಕ್ಲಾಸ್ ಇತ್ತು. ನಾನು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗದ ಆರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಡಿಜಿಟಲ್ ಚಿಪ್ ವಿನ್ಯಾಸ ಮಾಡುವ ಎಂಜಿನಿಯರ್ ಆಗಬೇಕೆಂಬುದು ಆಸೆ. ಪರದೆಯ ಮೇಲೆ ಮೊದಲು ಮೂಡಿದ್ದು ಗುಜರಾತಿನ ಧೋಲೇರಾದಲ್ಲಿ ಬರುತ್ತಿರುವ ಚಿಪ್ ಕಾರ್ಖಾನೆಯ ಚಿತ್ರ. ನಂತರ ಲಕ್ಷಗಟ್ಟಲೆ ಉದ್ಯೋಗದ ಮಾತು. ಕೊನೆಗೆ ಶುಲ್ಕ: ಆರು ತಿಂಗಳ ವಾರಾಂತ್ಯದ ಬ್ಯಾಚ್‌ಗೆ 1.2 ಲಕ್ಷ ರೂಪಾಯಿ. ಇವತ್ತೇ ಹೆಸರು ಬರೆಸಿದರೆ ಹತ್ತು ಸಾವಿರ ರಿಯಾಯಿತಿ.

ಬಸ್ಸಿನಲ್ಲಿ ವಾಪಸ್ ಬರುವಾಗ ಅಪ್ಪ ಹೇಳಿದ್ದು ಇಷ್ಟೇ: ‘ನಿಂಗೆ ಬೇಕು ಅನ್ಸಿದ್ರೆ ಹೇಳು ಮಗಳೇ. ಅಮ್ಮನ ಬಳೆ ಇದೆಯಲ್ಲ, ಸೊಸೈಟಿಲಿ ಇಟ್ರಾಯ್ತು.’

ಆ ಮಾತು ಕೇಳಿದ ಮೇಲೆ ನಿದ್ದೆ ಬರಲಿಲ್ಲ. ಆ ಬಳೆಗೆ ತಕ್ಕ ಬೆಲೆ ಈ ಕೋರ್ಸಿಗೆ ಇದೆಯೇ ಎಂದು ಹುಡುಕಲು ಕೂತೆ. ತಿಳಿದದ್ದನ್ನು ನನ್ನಂಥವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ವಿಷಯ, ಸುದ್ದಿಯೇ ಬೇರೆ, ಕೆಲಸವೇ ಬೇರೆ. ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ 76,000 ಕೋಟಿ ರೂಪಾಯಿಗಳ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆ ನೀಡಿತು. ಅದರಡಿ ಗುಜರಾತಿನ ಸಾಣಂದದಲ್ಲಿ ಮೈಕ್ರಾನ್, ಧೋಲೇರಾ ಮತ್ತು ಅಸ್ಸಾಂನ ಜಾಗೀರೋಡ್‌ನಲ್ಲಿ ಟಾಟಾ ಘಟಕಗಳಿಗೆ ಅನುಮತಿ ಸಿಕ್ಕಿತು. ಧೋಲೇರಾದ್ದು ಚಿಪ್ ತಯಾರಿಸುವ ಕಾರ್ಖಾನೆ. ಉಳಿದೆರಡು ಜೋಡಣೆ ಮತ್ತು ಪರೀಕ್ಷೆಯ ಘಟಕಗಳು. ಅಲ್ಲಿ ಮುಖ್ಯವಾಗಿ ಬೇಕಿರುವುದು ಯಂತ್ರ, ರಾಸಾಯನಿಕ ಪ್ರಕ್ರಿಯೆ, ಪ್ಯಾಕೇಜಿಂಗ್ ಬಲ್ಲವರು. ವೆರಿಲಾಗ್‌ನಲ್ಲಿ ಸರ್ಕ್ಯೂಟ್ ಬರೆಯುವ ವಿನ್ಯಾಸಕರ ಕೆಲಸ ಅದಲ್ಲ. ವಿನ್ಯಾಸದ ಕೆಲಸ ನಮ್ಮಲ್ಲಿ ಹೊಸದೂ ಅಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದಿತ್ತು. ಇಲ್ಲಿನ ವಿನ್ಯಾಸ ಕೇಂದ್ರಗಳು ಹೊಸಬರನ್ನು ತೆಗೆದುಕೊಳ್ಳುವುದು ತಮ್ಮ ಕೈಯಲ್ಲಿರುವ ಪ್ರಾಜೆಕ್ಟ್ ನೋಡಿಕೊಂಡು. ಧೋಲೇರಾದ ಫೋಟೊ ತೋರಿಸಿ ಬೆಂಗಳೂರಿನ ವಿನ್ಯಾಸ ಕೋರ್ಸ್ ಮಾರುವವರು ಈ ವ್ಯತ್ಯಾಸ ಹೇಳುವುದಿಲ್ಲ.

ಎರಡನೆಯದು, ‘ವಿಎಲ್‌ಎಸ್‌ಐ’ ಎನ್ನುವುದು ಒಂದು ಹುದ್ದೆಯ ಹೆಸರಲ್ಲ. ಸರ್ಕ್ಯೂಟ್ ಹೇಗೆ ನಡೆಯಬೇಕೆಂದು ವೆರಿಲಾಗ್ ಅಥವಾ ಸಿಸ್ಟಮ್‌ವೆರಿಲಾಗ್‌ನಲ್ಲಿ ಬರೆಯುವುದು ಆರ್‌ಟಿಎಲ್ ವಿನ್ಯಾಸ. ಬರೆದದ್ದು ಎಲ್ಲ ಸಂದರ್ಭದಲ್ಲೂ ಸರಿಯಿದೆಯೇ ಎಂದು ಪರೀಕ್ಷಿಸುವುದು ವೆರಿಫಿಕೇಷನ್. ಯುವಿಎಂ ಎಂಬ ಪದ್ಧತಿ ಬರುವುದು ಇಲ್ಲಿ. ಅದನ್ನು ಸಿಲಿಕಾನ್ ಮೇಲೆ ಜಾಗ, ತಂತಿ, ಸಮಯದ ಲೆಕ್ಕಕ್ಕೆ ಹೊಂದಿಸುವುದು ಫಿಸಿಕಲ್ ಡಿಸೈನ್. ಮೂರಕ್ಕೂ ಬೇಕಾದ ಕೌಶಲ ಬೇರೆ ಬೇರೆ. ಆರು ತಿಂಗಳ ವಾರಾಂತ್ಯದಲ್ಲಿ ಮೂರನ್ನೂ ಕಲಿಸುತ್ತೇವೆ ಎಂದರೆ ಮೂರನ್ನೂ ಮುಟ್ಟಿಸಿ ಬಿಡುತ್ತಾರೆ ಎಂದೇ ಅರ್ಥ.

ಹಾಗಾದರೆ ಹೊಸಬರಿಂದ ಏನು ನಿರೀಕ್ಷಿಸುತ್ತಾರೆ? ನಮ್ಮ ಕಾಲೇಜಿನಿಂದ ಹೋಗಿ ಈಗ ಈ ಕ್ಷೇತ್ರದಲ್ಲಿರುವ ಅಕ್ಕ ಒಬ್ಬರನ್ನು ಕೇಳಿದೆ. ಅವರು ಸಲಹೆ ಕೊಡಲಿಲ್ಲ, ಕೆಲಸ ಕೊಟ್ಟರು. ‘ಒಂದು ಫಿಫೊ ಬರಿ. ಟೆಸ್ಟ್‌ಬೆಂಚ್ ಕೂಡ ನೀನೇ ಬರೀಬೇಕು. ಆಮೇಲೆ ಮಾತಾಡೋಣ.’

ಫಿಫೊ ಎಂದರೆ ಮೊದಲು ಬಂದ ಡೇಟಾ ಮೊದಲು ಹೊರಹೋಗುವ ಸರದಿ ಸಾಲು. ಒಂದು ಸಂಜೆಯ ಕೆಲಸ ಅಂದುಕೊಂಡೆ. ನಾಲ್ಕು ದಿನ ಹಿಡಿಯಿತು. ಬರೆಯುವ ಪಾಯಿಂಟರ್ ಮತ್ತು ಓದುವ ಪಾಯಿಂಟರ್ ಒಂದೇ ಜಾಗಕ್ಕೆ ಬಂದು ನಿಂತಾಗ ಸಾಲು ಖಾಲಿಯೋ, ಭರ್ತಿಯೋ? ಎರಡೂ ಆಗಬಹುದು! ಪಾಯಿಂಟರ್‌ಗೆ ಒಂದು ಬಿಟ್ ಹೆಚ್ಚು ಕೊಟ್ಟು ಎರಡನ್ನೂ ಬೇರ್ಪಡಿಸಬಹುದೆಂದು ಹೊಳೆಯಲು ಸಿಮ್ಯುಲೇಷನ್‌ನಲ್ಲಿ ಎಷ್ಟೋ ಸಲ ಸೋತೆ. ತೋರಿಸಿದಾಗ ಅಕ್ಕ ಮುಂದಿನ ಪ್ರಶ್ನೆ ಎಸೆದರು: ‘ಬರೆಯೋ ಕಡೆ ಒಂದು ಕ್ಲಾಕ್, ಓದೋ ಕಡೆ ಇನ್ನೊಂದು ಕ್ಲಾಕ್ ಇದ್ರೆ?’ ಅದಕ್ಕೆ ಗ್ರೇ ಕೋಡ್ ಏಕೆ ಬೇಕು ಎಂಬುದನ್ನು ಈಗ ಓದುತ್ತಿದ್ದೇನೆ. ಸಂದರ್ಶನದಲ್ಲಿ ಕೇಳುವುದೂ ಇಂಥದ್ದನ್ನೇ ಅಂತೆ.

ಈ ನಾಲ್ಕು ದಿನಕ್ಕೆ ನನಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಇಕಾರಸ್ ವೆರಿಲಾಗ್ ಉಚಿತ ಸಿಮ್ಯುಲೇಟರ್, ಅಲೆಗಳ ಚಿತ್ರ ನೋಡಲು ಜಿಟಿಕೆವೇವ್ ಇದೆ. ಹಳೆಯ ಲ್ಯಾಪ್‌ಟಾಪ್ ಸಾಕು. ಎಚ್‌ಡಿಎಲ್‌ಬಿಟ್ಸ್‌ನಲ್ಲಿ ಒಂದೊಂದೇ ಸಣ್ಣ ಸಮಸ್ಯೆ ಬಿಡಿಸಬಹುದು. ಎನ್‌ಪಿಟೆಲ್‌ನಲ್ಲಿ ಐಐಟಿ ಖರಗ್‌ಪುರದ ಪ್ರೊ. ಇಂದ್ರನೀಲ್ ಸೇನ್‌ಗುಪ್ತ ಅವರ ವೆರಿಲಾಗ್ ಪಾಠಗಳಿವೆ. ನೋಡಲು ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ.

ದೊಡ್ಡ ಕಂಪನಿಗಳು ಬಳಸುವ ದುಬಾರಿ ಸಾಫ್ಟ್‌ವೇರ್ ಮನೆಯಲ್ಲಿ ಸಿಗುವುದಿಲ್ಲ, ನಿಜ. ತರಬೇತಿ ಸಂಸ್ಥೆಗಳ ದೊಡ್ಡ ಆಕರ್ಷಣೆಯೂ ಅದೇ. ಆದರೆ ಅದಕ್ಕೂ ಮೊದಲು ನಿಮ್ಮ ವಿಭಾಗದ ಮುಖ್ಯಸ್ಥರನ್ನು ಒಂದು ಮಾತು ಕೇಳಿ. 85,000 ಎಂಜಿನಿಯರ್‌ಗಳನ್ನು ಸಿದ್ಧಪಡಿಸುವ ಗುರಿಯ ‘ಚಿಪ್ಸ್ ಟು ಸ್ಟಾರ್ಟಪ್’ ಯೋಜನೆಯಡಿ, ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರದ ಮೂಲಕ ಆಯ್ದ ಶಿಕ್ಷಣ ಸಂಸ್ಥೆಗಳಿಗೆ ಇದೇ ಸಾಫ್ಟ್‌ವೇರ್ ಸಿಗುತ್ತದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದ್ದೂ ಲ್ಯಾಬ್‌ಗೆ ಬೀಗ ಬಿದ್ದಿದ್ದರೆ, ಬೀಗ ತೆಗೆಸುವುದು 1.2 ಲಕ್ಷಕ್ಕಿಂತ ಅಗ್ಗ.

ಹಾಗೆಂದು ಕೋರ್ಸ್‌ಗಳೆಲ್ಲ ಮೋಸ ಎನ್ನಲಾರೆ. ಅಲ್ಲಿ ಸೇರಿ ಕೆಲಸ ಹಿಡಿದವರು ನಮ್ಮ ಸೀನಿಯರ್‌ಗಳಲ್ಲೇ ಇದ್ದಾರೆ. ವೇಳಾಪಟ್ಟಿ, ಜೊತೆಗಾರರು, ತಪ್ಪು ತಿದ್ದುವವರು, ಅಣಕು ಸಂದರ್ಶನ ಇವೆಲ್ಲ ಸಣ್ಣ ಕಾಲೇಜಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಬುನಾದಿ ಗಟ್ಟಿಯಿದ್ದು, ವೆರಿಫಿಕೇಷನ್ ಅಥವಾ ಫಿಸಿಕಲ್ ಡಿಸೈನ್‌ನಂಥ ಒಂದು ದಾರಿ ಆರಿಸಿಕೊಂಡವರಿಗೆ ಅದು ಉಪಯೋಗವಾದೀತು. ‘ಫ್ಲಿಪ್‌ಫ್ಲಾಪ್ ಎಂದರೇನು’ ಎಂದು ಕಲಿಯಲು ಲಕ್ಷ ಕೊಡುವುದು ಮಾತ್ರ ದಂಡ.

ಸೇರುವ ಮುನ್ನ ಕೆಲವು ಪ್ರಶ್ನೆ ಕೇಳಲೇಬೇಕು. ಹಿಂದಿನ ಬ್ಯಾಚ್‌ಗೆ ಎಷ್ಟು ಜನ ಸೇರಿದ್ದರು, ಎಷ್ಟು ಜನರಿಗೆ ಯಾವ ಹುದ್ದೆ ಸಿಕ್ಕಿತು? ಪಾಠ ಮಾಡುವವರು ಎಷ್ಟು ಚಿಪ್‌ಗಳ ಮೇಲೆ ಕೆಲಸ ಮಾಡಿದ್ದಾರೆ? ವಾರಕ್ಕೆ ಎಷ್ಟು ಗಂಟೆ ಸಾಫ್ಟ್‌ವೇರ್ ನನ್ನ ಕೈಗೆ ಸಿಗುತ್ತದೆ? ನಡುವೆ ಬಿಟ್ಟರೆ ಹಣ ವಾಪಸ್ ಬರುತ್ತದೆಯೇ, ಅದನ್ನು ಬರೆದು ಕೊಡುತ್ತೀರಾ? ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೀರಾ? ಡೆಮೊ ಕ್ಲಾಸ್‌ನ ಮರುದಿನ ಫೋನ್ ಮಾಡಿ ನಾನು ಮೊದಲನೆಯದನ್ನು ಕೇಳಿದೆ. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಇದೆ ಮೇಡಂ’ ಎಂಬ ಉತ್ತರ ಬಂತು. ನಾನು ಕೇಳಿದ್ದು ಅದಲ್ಲ. ನೆರವು ನೂರಕ್ಕೆ ನೂರು ಇದ್ದರೂ ಕೆಲಸ ಸೊನ್ನೆ ಇರಬಹುದು.

ಸದ್ಯಕ್ಕೆ ಅಪ್ಪನಿಗೆ ಬೇಡ ಎಂದಿದ್ದೇನೆ. ಏಳನೇ ಸೆಮಿಸ್ಟರ್ ಮುಗಿಯುವವರೆಗೆ ನನಗೆ ನಾನೇ ಗಡುವು ಹಾಕಿಕೊಂಡಿದ್ದೇನೆ: ಎರಡು ಕ್ಲಾಕ್‌ನ ಫಿಫೊ, ಒಂದು ಯುಎಆರ್‌ಟಿ, ಒಂದು ಸಣ್ಣ ಆರ್‌ಐಎಸ್‌ಸಿ-ಫೈವ್ ಪ್ರೊಸೆಸರ್. ಮೂರನ್ನೂ ಬರೆದು, ಪರೀಕ್ಷಿಸಿ, ಪ್ರತಿ ಸಾಲಿಗೂ ಉತ್ತರ ಹೇಳುವಂತಾಗಬೇಕು. ಅಷ್ಟಾದ ಮೇಲೂ ಎಲ್ಲಿ ಸೋಲುತ್ತಿದ್ದೇನೆ ಎಂಬುದು ಗೊತ್ತಾಗುತ್ತದೆ. ಆಗ ಕೋರ್ಸ್ ಬೇಕೆನಿಸಿದರೆ, ಯಾವುದು ಬೇಕು ಎಂದು ಹೇಳುವವಳು ನಾನಾಗಿರುತ್ತೇನೆ, ಜಾಹೀರಾತು ಅಲ್ಲ.

ಅಮ್ಮನಿಗೆ ಈ ಲೆಕ್ಕವನ್ನೆಲ್ಲ ವಿವರಿಸಿದೆ. ಫಿಫೊ ಅರ್ಥವಾಯಿತೋ ಇಲ್ಲವೋ, ಬಳೆ ಮಾತ್ರ ಕೈಯಲ್ಲೇ ಇದೆ.