ಅಶಕ್ತ ನೌಕರನೂ ವಿಶ್ರಾಂತಿ ವೇತನವೂ

ಸೇವೆಯಲ್ಲಿರುವಾಗಲೇ ರೋಗದಿಂದಲೋ ಅಪಘಾತದಿಂದಲೋ ಅಂಗಬಲವನ್ನು ಕಳೆದುಕೊಂಡ ನೌಕರನನ್ನು ಸರಕಾರವು ಹೇಗೆ ನಡೆಯಿಸಿಕೊಳ್ಳುತ್ತದೆ ಎಂಬುದು ಆ ಸರಕಾರದ ಧರ್ಮಬುದ್ಧಿಗೆ ಒರೆಗಲ್ಲು. ಬಲವಿದ್ದಾಗ ದುಡಿಸಿಕೊಂಡು ಬಲವುಡುಗಿದಾಗ ಬಾಗಿಲಿನಿಂದಾಚೆ ತಳ್ಳುವ ಯಜಮಾನನನ್ನು ನಮ್ಮ ಹಳ್ಳಿಯ ಒಕ್ಕಲಿಗನೂ ಮೆಚ್ಚನು. ಮುದಿ ಎತ್ತಿನ ಮುಂದೆಯೂ ಆತನು ಒಂದು ಹಿಡಿ ಹುಲ್ಲು ಹಾಕುತ್ತಾನೆ.

ಪರಕೀಯರ ಆಳಿಕೆಯಲ್ಲಿ ವಿಶ್ರಾಂತಿ ವೇತನವು ಆಳುವವರ ಕೃಪೆಯೆಂದು ಎಣಿಸಲ್ಪಟ್ಟಿತ್ತು. ಕಲೆಕ್ಟರ್ ಮೊದಲಾದ ಅಧಿಕಾರಿಯ ಪ್ರಮಾಣಪತ್ರವಿಲ್ಲದೆ ಪಿಂಚಣಿಯ ದಾವೆಯನ್ನು ಸಿವಿಲ್ ಕೋರ್ಟುಗಳು ವಿಚಾರಿಸಕೂಡದೆಂದು 1871ರ ಪಿಂಚಣಿ ಕಾಯಿದೆಯು ವಿಧಿಸಿತ್ತು. ಸ್ವತಂತ್ರ ಭಾರತದಲ್ಲಿ ಈ ಭಾವನೆಗೆ ಎಡೆಯಿಲ್ಲ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ನಕಾರಾ ಮೊಕದ್ದಮೆಯಲ್ಲಿ, ವಿಶ್ರಾಂತಿ ವೇತನವು ಸರಕಾರದ ದಾನವಲ್ಲ, ಸೇವೆಯಿಂದ ಗಳಿಸಿದ ಹಕ್ಕು ಎಂದು ಸಾರಿತು. ನ್ಯಾಯಪೀಠದಲ್ಲಿ ನೆಲೆಗೊಂಡ ಈ ಹಕ್ಕು ದಫ್ತರಗಳಲ್ಲಿಯೂ ನೆಲೆಗೊಂಡಿದೆಯೆ? ನಮ್ಮ ಸಂಶಯವು ಅಲ್ಲಿಯೇ ಇದೆ.

ಕಾಯಿದೆಯು ಉದಾರವಾಗಿಯೇ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 20ನೆಯ ಕಲಮಿನಂತೆ, ಸೇವಾವಧಿಯಲ್ಲಿ ಅಂಗವೈಕಲ್ಯವನ್ನು ಹೊಂದಿದ ಸರಕಾರಿ ನೌಕರನನ್ನು ಕೆಲಸದಿಂದ ತೆಗೆಯಕೂಡದು. ಆತನ ದರ್ಜೆಯನ್ನು ಇಳಿಸಲೂ ಕೂಡದು. ಇದ್ದ ಕೆಲಸವು ಸಾಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಯನ್ನು ಕೊಡತಕ್ಕದ್ದು. ಅಂಥ ಹುದ್ದೆಯಿಲ್ಲದಿದ್ದರೆ, ಅದು ದೊರೆಯುವವರೆಗೆ ಇಲ್ಲವೆ ನಿವೃತ್ತಿಯ ವಯಸ್ಸಿನವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳತಕ್ಕದ್ದು. ಸರಕಾರವು ವಿನಾಯಿತಿ ಕೊಟ್ಟ ಕೆಲವು ಪಡೆಗಳನ್ನು ಬಿಟ್ಟರೆ ಈ ವಿಧಿಯು ರಾಜ್ಯ ಸರಕಾರಗಳನ್ನೂ ಕಟ್ಟುತ್ತದೆ. ಕೇಂದ್ರದ ಪಿಂಚಣಿ ನಿಯಮಗಳಲ್ಲಿ ಮೊದಲು ಹತ್ತು ವರ್ಷದ ಸೇವೆಯಿಲ್ಲದ ಅಶಕ್ತನಿಗೆ ಮಾಸಿಕ ವೇತನವಿರದೆ ಒಂದು ಗಂಟು ಗ್ರಾಚ್ಯುಯಿಟಿ ಮಾತ್ರ ದೊರೆಯುತ್ತಿತ್ತು. 2019ರ ಜನವರಿಯಲ್ಲಿ ಆ ಷರತ್ತನ್ನು ತೆಗೆದುಹಾಕಲಾಯಿತು. ಇದಕ್ಕಾಗಿ ಸರಕಾರವನ್ನು ಅಭಿನಂದಿಸಲು ನಮಗೆ ಸಂಕೋಚವಿಲ್ಲ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಳ್ಳಾಗಿಲ್ಲ. ಸೈನ್ಯದ ಒಂದು ಉದಾಹರಣೆ ಸಾಕು. ಧರಮವೀರ ಸಿಂಗ್ ಎಂಬ ಸಿಪಾಯಿಯು 1985ರಲ್ಲಿ ಸೈನ್ಯವನ್ನು ಸೇರಿ, ಮೂರ್ಛೆರೋಗಕ್ಕೆ ಗುರಿಯಾಗಿ, 1994ರಲ್ಲಿ ಹೊರಗೆ ಕಳುಹಿಸಲ್ಪಟ್ಟನು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಆತನ ಅಂಗವೈಕಲ್ಯದ ಪಿಂಚಣಿಯನ್ನು ನಿರಾಕರಿಸಲಾಯಿತು. ಸೇರುವಾಗ ದಾಖಲೆಯಲ್ಲಿ ರೋಗದ ಗುರುತಿಲ್ಲದಿದ್ದರೆ ಅದು ಸೇವೆಯಿಂದಲೇ ಬಂದಿತೆಂದು ಭಾವಿಸತಕ್ಕದ್ದು, ಅಲ್ಲವೆಂದು ಸಿದ್ಧಮಾಡುವ ಭಾರವು ಸರಕಾರದ್ದು ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿದ್ದು 2013ರಲ್ಲಿ. ಹತ್ತೊಂಬತ್ತು ವರ್ಷಗಳು! ಮೇಲಿನ ಕೋರ್ಟಿನವರೆಗೆ ಹೋಗಲಾರದ ಬಡವನ ಗತಿಯೇನು?

ಸಿವಿಲ್ ನೌಕರನ ದಾರಿಯೂ ಸುಗಮವಲ್ಲ. ಅವನು ಮುಂದಿನ ಸೇವೆಗೆ ಸಂಪೂರ್ಣವಾಗಿಯೂ ಶಾಶ್ವತವಾಗಿಯೂ ಅಸಮರ್ಥನೆಂದು ವೈದ್ಯಮಂಡಳಿಯು ಬರೆದುಕೊಡಬೇಕು. ಆ ಒಂದು ಸಾಲಿನ ಮೇಲೆ ಒಂದು ಸಂಸಾರದ ಅನ್ನವು ನಿಂತಿದೆ. ಅದು ಬರುವತನಕ ರಜೆಯು ತೀರುತ್ತದೆ, ಸಂಬಳವು ನಿಲ್ಲುತ್ತದೆ, ಔಷಧದ ವೆಚ್ಚ ಮಾತ್ರ ನಿಲ್ಲುವುದಿಲ್ಲ. ನಡೆಯಲಾರದವನನ್ನು ಕಚೇರಿಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಕಚೇರಿಗೂ ನಡೆಯಿಸುವುದು ಎಂಥ ನ್ಯಾಯ?

ಸುಳ್ಳು ರೋಗಿಗಳು ಬೊಕ್ಕಸವನ್ನು ಬರಿದುಮಾಡಿಯಾರೆಂದು ಅಧಿಕಾರಿಗಳು ಹೇಳಬಹುದು. ವಂಚಕನಿದ್ದರೆ ಹಿಡಿದು ದಂಡಿಸಲಿ, ನಮ್ಮ ಅಡ್ಡಿಯಿಲ್ಲ. ಕಳ್ಳನೊಬ್ಬನು ಬಂದಾನೆಂದು ಊರಿನ ಛತ್ರಕ್ಕೇ ಬೀಗ ಹಾಕುವುದುಂಟೆ?

ನಾವು ಕೇಳುವುದು ಮೂರೇ ಮಾತು. ನೌಕರನಿಂದ ನಿವೃತ್ತಿಯ ಅರ್ಜಿಯನ್ನು ಬರೆಯಿಸಿಕೊಳ್ಳುವ ಮೊದಲು ಆತನಿಗೆ ಬದಲಿ ಹುದ್ದೆಯ ಹಕ್ಕನ್ನು ತಿಳಿಸಿ, ಅಂಥ ಹುದ್ದೆಯನ್ನು ಹುಡುಕಿದ ವಿವರವನ್ನು ಲಿಖಿತವಾಗಿ ದಾಖಲಿಸಲಿ. ವೈದ್ಯಮಂಡಳಿಯು ಗೊತ್ತಾದ ಅವಧಿಯೊಳಗೆ, ಕಾರಣಸಹಿತವಾಗಿ, ಅಗತ್ಯವಿದ್ದರೆ ರೋಗಿಯ ಮನೆಗೇ ಹೋಗಿ ಪರೀಕ್ಷಿಸಿ ಅಭಿಪ್ರಾಯ ಕೊಡಲಿ. ತೀರ್ಮಾನವು ತಡವಾದರೆ ತಾತ್ಕಾಲಿಕ ವಿಶ್ರಾಂತಿ ವೇತನವನ್ನು ಕೂಡಲೇ ಆರಂಭಿಸಲಿ. ಅಂಥ ಪದ್ಧತಿಯು ಪಿಂಚಣಿ ನಿಯಮಗಳಿಗೆ ಹೊಸತಲ್ಲ.

ಈ ಅರ್ಜಿಗಳನ್ನು ಕೈಯಲ್ಲಿ ಹಿಡಿದಿರುವ ಅಧಿಕಾರಿಗಳಲ್ಲಿ ಅನೇಕರು ನಮ್ಮ ಓದುಗರು. ಅವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮೇಜಿನ ಮೇಲಿರುವ ಕಡತವು ನಿಮ್ಮಂತೆಯೇ ನಿನ್ನೆಯವರೆಗೆ ಮೇಜಿನ ಮುಂದೆ ಕುಳಿತಿದ್ದವನದು. ರೋಗವು ದರ್ಜೆಯನ್ನು ನೋಡಿ ಬರುವುದಿಲ್ಲ. ಆ ಕಡತವನ್ನು ಇಂದೇ ಬಿಚ್ಚಿರಿ.